ಎಡೆಗೆ ಸುಟ್ಟ ಸೀಗಡಿ

ರಾಮನಗರ, ಗುರುವಾರ

ಅತ್ತೆಯವರಿಗೆ ಭಾನುಪ್ರಿಯ ಮಾಡುವ ನಮಸ್ಕಾರ.

ಈ ಪಿತೃಪಕ್ಷದಲ್ಲಿ ನಿಮ್ಮ ಮಗನ ಮೊದಲ ಎಡೆಗೆ ಅವರ ಇಷ್ಟದ ಸುಟ್ಟ ಸೀಗಡಿ ಇಡಬೇಕೆಂದಿರಿ. ನಾನು ಬರುವುದು ಬೇಡವೆಂದೂ ಹೇಳಿಕಳಿಸಿದಿರಿ. ಅದಕ್ಕೇ ಅವರು ಸುಡುತ್ತಿದ್ದ ಬಗೆಯನ್ನು, ಕಿಟಕಿಯಿಂದ ಕಂಡಷ್ಟು, ಬರೆದು ತಿಳಿಸುತ್ತಿದ್ದೇನೆ.

ಸೀಗಡಿಯ ಬೆನ್ನಿನ ಕಪ್ಪು ನರ ತೆಗೆದು, ಉಪ್ಪು, ಖಾರ, ನಿಂಬೆರಸ ಸವರಿ ಕಂಬಿಗೆ ಪೋಣಿಸಿ. ಹಿತ್ತಲಿನ ಒಲೆಯಲ್ಲಿ ಉರಿ ಆರಿ ಕೆಂಡದ ಮೇಲೆ ಬೂದಿ ಕಟ್ಟಿದಾಗ ಇಡಿ. ಎಡೆಯದನ್ನು ರುಚಿ ನೋಡುವಂತಿಲ್ಲ, ಬಣ್ಣವನ್ನೇ ನಂಬಬೇಕು. ಒಂದು ಮಗ್ಗುಲು ಕೆಂಪಾದ ಕೂಡಲೇ ತಿರುವಿ, ಮೈ ಬಾಗಿದೊಡನೆ ಇಳಿಸಿ. ತಡವಾದರೆ ರಬ್ಬರಿನಂತಾಗುತ್ತದೆ.

ಮೊದಲನೆಯದನ್ನು ಅವರು ಊದಿ ಆರಿಸಿ, "ಒಸಿ ತಿಂದ್ ನೋಡಮ್ಮಿ" ಎಂದು ತರುತ್ತಿದ್ದರು. ವಾಸನೆಯೆಂದು ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಎಡೆ ತೆಗೆದ ಮೇಲೆ ಒಂದನ್ನು ಯಾರ ಕೈಲಾದರೂ ಕಳಿಸಿ. ಆರಿಹೋಗಿದ್ದರೂ ಪರವಾಗಿಲ್ಲ, ತಿನ್ನುತ್ತೇನೆ.

ನಿಮ್ಮ ಸೊಸೆ,
ಭಾನುಪ್ರಿಯ