ತಳದಲ್ಲಿದ್ದ ಒಂದು ಚಮಚ

ಕಿರಂಗೂರು
12-8-1965, ಗುರುವಾರ

ಚಿ. ಸೌ. ಜಯಲಕ್ಷ್ಮಿಗೆ ರಂಗಸ್ವಾಮಿಯ ಆಶೀರ್ವಾದಗಳು.

ಹತ್ತೊಂಬತ್ತು ವರ್ಷ ನಿನ್ನನ್ನು ‘ಇವಳೇ’ ಎಂದೇ ಕರೆದು ಅಭ್ಯಾಸವಾಗಿರುವುದರಿಂದ ಲಕೋಟೆಯ ಮೇಲೆ ಹೆಸರು ಬರೆಯುವಾಗ ಒಂದು ಗಳಿಗೆ ಲೇಖನಿ ನಿಂತಿತು. ‘ಇವಳೇ, ನಾಗಮಂಗಲ’ ಎಂದು ಬರೆದಿದ್ದರೆ ಪಾಪ, ಅಂಚೆಯವನು ಊರಿನ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಬೇಕಾಗುತ್ತಿತ್ತು.

ಕ್ಷೇಮಸಮಾಚಾರಕ್ಕೆ ಮುಂಚೆ ಒಂದು ತಪ್ಪೊಪ್ಪಿಗೆ ಇದೆ. ಕಿರಂಗೂರಿನ ವಾಸಿಯೂ, ನಲವತ್ತಮೂರು ವರ್ಷ ವಯಸ್ಸಿನವನೂ, ಮೈಸೂರಿನಲ್ಲಿ ಬಿ.ಎಸ್ಸಿ. ಓದಿ ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನೂ ಆದ ನಾನು ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಕಳೆದ ತಿಂಗಳು ಇಪ್ಪತ್ತೆರಡನೆಯ ತಾರೀಕು ಸಾಯಂಕಾಲ ನಮ್ಮ ಅಡುಗೆಮನೆಯಲ್ಲಿ ಒಂದು ಕೊಲೆಯಾಯಿತು. ಸತ್ತದ್ದು ನಿನ್ನ ಹೆಪ್ಪು. ಕೊಂದವನು ನಾನು. ಹೆಣ ಸಿಕ್ಕುವುದಿಲ್ಲ, ನಮ್ಮ ನಾಯಿ ಕರಿಯ ಅದನ್ನು ನೆಕ್ಕಿ ಮುಗಿಸಿದ್ದಾನೆ.

ಮೂರು ವಾರ ಕಾಗದ ಬರೆಯದೆ ಇದ್ದದ್ದಕ್ಕೆ ಇದೇ ಕಾರಣ. ಕೊಲೆಗಾರರು ಸಾಮಾನ್ಯವಾಗಿ ಕಾಗದ ಬರೆಯುವುದಿಲ್ಲ.

ನಡೆದದ್ದು ಇಷ್ಟು. ನೀನು ಹೊರಟ ಮಾರನೆಯ ದಿನ ನಾನು ಸೆರಗಿಲ್ಲದ ಗೃಹಿಣಿಯಾಗಿ ಟವಲು ಸುತ್ತಿಕೊಂಡು ಅಡುಗೆಮನೆಗೆ ಇಳಿದೆ. ಮೂಲೆಯಲ್ಲಿ ಪಿಂಗಾಣಿ ಕುಡಿಕೆ. ತಳದಲ್ಲಿ ಒಂದು ಚಮಚ ಹಳೇ ಮೊಸರು. ‘ನೋಡು, ಇವಳು ಪಾತ್ರೆ ಪೂರ್ತಿ ಬಳಿಯದೆ ಹೊರಟುಬಿಟ್ಟಿದ್ದಾಳೆ’ ಎಂದುಕೊಂಡು ಅದನ್ನು ಕರಿಯನಿಗೆ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೂ ಅಂಚಿಗೆ ಹತ್ತಿದ್ದರಲ್ಲೇ ಹಾಲು ಹೆಪ್ಪಾಗುತ್ತಿತ್ತೋ ಏನೋ. ನಾನು ಕುಡಿಕೆಯನ್ನು ಬೂದಿ ಹಚ್ಚಿ ಮೂರು ಸಾರಿ ತಿಕ್ಕಿ, ಬಿಸಿನೀರು ಸುರಿದು ಬೋರಲು ಹಾಕಿದೆ. ಆ ಬೆಳ್ಳಗಿನ ಕುಡಿಕೆ ನೋಡಿ ಹೆಮ್ಮೆಯೂ ಪಟ್ಟೆ. ಹಾಲನ್ನು ಮೊಸರು ಮಾಡುವ ಸೂಕ್ಷ್ಮಜೀವಿಯ ಹೆಸರನ್ನು ಕರಿಹಲಗೆಯ ಮೇಲೆ ಬರೆದು ಹುಡುಗರಿಗೆ ವರ್ಷವರ್ಷವೂ ಬಾಯಿಪಾಠ ಮಾಡಿಸುವವನು ನಾನು. ಅದು ನಮ್ಮ ಮನೆಯ ಕುಡಿಕೆಯಲ್ಲೇ ಕೂತಿದ್ದಾಗ ಗುರುತು ಹಿಡಿಯಲಿಲ್ಲ.

ಹಾಲು ಕಾಯಿಸಿ ಇಳಿಸಿದ ಮೇಲೆ ಹೊಳೆಯಿತು. ಮದುವೆಯಾದ ವರ್ಷ ನಿಮ್ಮವ್ವ ದ್ಯಾವಮ್ಮನವರು ಇದೇ ಕುಡಿಕೆಯ ಬಾಯಿಗೆ ಬಾಳೆಲೆ ಕಟ್ಟಿ, ನಾಗಮಂಗಲದಿಂದ ಇಲ್ಲಿಯವರೆಗೂ ಗಾಡಿಯಲ್ಲಿ ನಿನ್ನ ಮಡಿಲಲ್ಲಿ ಇಟ್ಟು ಕಳಿಸಿದ್ದರಲ್ಲ, ಆ ಹೆಪ್ಪು. ನಮ್ಮಪ್ಪ ತೀರಿಕೊಂಡ ದಿನವೂ ನೀನು ಅದನ್ನು ಪಕ್ಕದ ಮನೆಯಲ್ಲಿಟ್ಟು ಕಾಪಾಡಿದ್ದೆ. ಆಗ ನಾನು, ‘ಒಂದು ಚಮಚ ಮೊಸರಿಗೆ ಇಷ್ಟು ಸಂಭ್ರಮವೇ’ ಎಂದು ಗೊಣಗಿದ್ದೆ.

ಕೂಡಲೇ ಪಕ್ಕದ ಮನೆ ಮಾದಮ್ಮನ ಬಾಗಿಲಿಗೆ ಓಡಿದೆ. ಮಾದಮ್ಮ ಆಗತಾನೆ ದೀಪ ಹಚ್ಚಿ ಜಗಲಿಗೆ ಬಂದಿದ್ದಳು. ಬಟ್ಟಲು ಹಿಡಿದು ನಿಂತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಏನ್ ಮೇಷ್ಟ್ರೇ, ಭಿಕ್ಸೆಗೆ ಒಂಟ್ರಾ?”

“ಒಂದು ಚೂರು ಹೆಪ್ಪು ಬೇಕಿತ್ತು ಮಾದಮ್ಮ.”

“ದೀಪ ಅಚ್ಚಿದ್ ಮ್ಯಾಕೆ ಎಪ್ಪು ಕೊಟ್ಟಾರಾ? ನಿಮ್ಮವ್ವ ಇದ್ದಿದ್ರೆ ಈ ವತ್ತಲ್ಲಿ ಕೇಳಾಕೇ ಬುಡ್ತಿರ್ಲಿಲ್ಲ.”

“ಹಾಗಾದರೆ ನಾಳೆ ಬೆಳಗ್ಗೆ ಬರುತ್ತೇನೆ.”

“ನಾಳೆ ಸುಕ್ರವಾರ ಕಣಪ್ಪ. ಅದ್ರಲ್ಲೂ ಸ್ರಾವಣ ಎದುರ್ಗೇ ಐತೆ. ಮನೆ ಲಕ್ಸ್ಮೀನ ಎತ್ಕೊಟ್ಬುಡು ಅಂತೀಯಾ?”

ಸೂಕ್ಷ್ಮಜೀವಿಗಳಿಗೆ ವಾರ ತಿಥಿ ನಕ್ಷತ್ರ ತಿಳಿಯುವುದಿಲ್ಲವೆಂದು ವಿವರಿಸಲು ಬಾಯಿ ತೆರೆದೆ. “ತಿಳ್ದೋರ ಮನೇಲಿ ಎಪ್ಪು ಯಾಕಪ್ಪ ಇಲ್ಲ?” ಎಂದು ಕೇಳಿ ಒಳಗೆ ಹೋದಳು. ಇಂಥ ಪ್ರಶ್ನೆ ನಮ್ಮ ವಿಶ್ವವಿದ್ಯಾನಿಲಯದವರು ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲ.

ಎರಡು ದಿನ ಪ್ರಯೋಗ ಮಾಡಿದೆ. ಹುಣಿಸೆಹಣ್ಣು ಕಿವುಚಿದೆ, ನಿಂಬೆಹಣ್ಣು ಹಿಂಡಿದೆ, ಹಸಿಮೆಣಸಿನಕಾಯಿಯ ತೊಟ್ಟು ಮುಳುಗಿಸಿದೆ. ಹಾಲು ಹಾಳಾಯಿತು. ಕೊನೆಯದನ್ನು ಕರಿಯನ ಮುಂದೆ ಇಟ್ಟರೆ ಅವನು ಮೂಸಿ, ನನ್ನ ಮುಖ ನೋಡಿ, ಎದ್ದು ಬೀದಿಗೆ ಹೋದ. ನಮ್ಮ ಮನೆಯಲ್ಲಿ ಆ ನೋಟ ನೋಡುವ ಅಧಿಕಾರ ನಿನಗೊಬ್ಬಳಿಗೇ ಇದೆ ಎಂದು ತಿಳಿದಿದ್ದೆ.

ಶನಿವಾರ ಬೆಳಗ್ಗೆ ಮಾದಮ್ಮನೇ ಬಟ್ಟಲಲ್ಲಿ ಹೆಪ್ಪು ತಂದಳು. ನಾನು ದೊಡ್ಡದಾಗಿ ಉಪಕಾರಸ್ಮರಣೆ ಶುರುಮಾಡಿದೆ. ಅವಳು ಅರ್ಧಕ್ಕೇ ತಡೆದಳು.

“ನಮ್ ಮನೇದಲ್ಲ ಕಣಪ್ಪ, ಇದು ನಿಮ್ ಮನೇದೇ. ಓದ್ ವರ್ಸ ನಮ್ದು ಕೆಟ್ಟೋಯ್ತು ಅಂತ ಜಯಮ್ಮ ಕೊಟ್ಟಿದ್ಳು. ನಮ್ಗೊಬ್ರಿಗೇನಾ? ಆ ಮೂಲೆ ಪುಟ್ಟಗೌರಮ್ಮನ ಮನೆ, ಚಲುವಯ್ಯನ ಮನೆ, ಈ ಬೀದೀಲಿ ಏಳ್ ಮನೇಲಿ ನಿನ್ ಎಂಡ್ರು ಎಪ್ಪೇ ಆಡ್ತಿರೋದು.” ಮೆಟ್ಟಿಲು ಇಳಿಯುತ್ತ ತಿರುಗಿ ನಿಂತಳು. “ಮನೇಲಿ ಕೂತು ಏನ್ ಮಾಡ್ತಾಳೆ ಅಂದ್ಯಂತಲ್ಲ? ಬೀದಿಗೆಲ್ಲ ಮೊಸ್ರು ಮಾಡವ್ಳೆ.”

ಹೀಗಾಗಿ, ಸತ್ತದ್ದು ಬದುಕಿತು. ಕುಡಿಕೆ ಈಗ ತುಂಬಿದೆ. ತಳದ ಚಮಚವನ್ನು ಎತ್ತಿಡದೆ ನಾನು ಊಟಕ್ಕೇ ಕೂರುವುದಿಲ್ಲ. ನಿಮ್ಮವ್ವನಿಗೆ ಈ ವಿಷಯ ಹೇಳಬೇಡ. ಹೇಳಲೇಬೇಕೆಂದರೆ ಮೊದಲು ಅವರಿಗೆ ಹೊಟ್ಟೆ ತುಂಬ ಊಟ ಬಡಿಸು.

ಇದೊಂದು ಸಣ್ಣ ಎಡವಟ್ಟು ಬಿಟ್ಟರೆ ಮನೆ ಗಡಿಯಾರದಂತೆ ನಡೆಯುತ್ತಿದೆ. ನೀನು ಗೌರಿಹಬ್ಬ ಮುಗಿಸಿ, ದಸರಾ ನೋಡಿಕೊಂಡು, ಸಂಕ್ರಾಂತಿಯ ಎಳ್ಳು ಬೀರಿದ ಮೇಲೆ ಬಂದರೂ ಇಲ್ಲಿ ಒಂದು ಸೌಟು ಅತ್ತಿತ್ತ ಆಗಿರುವುದಿಲ್ಲ.

ಹೆಂಚು ಕೈಯಾಡಿಸುವ ಕೆಲಸವನ್ನು ನಾನೇ ಮುಗಿಸಿದೆ. ಮೊದಲು ಮೂರು ಕಡೆ ಸೋರುತ್ತಿತ್ತು. ನಾನು ಹತ್ತಿ ಇಳಿದ ಮೇಲೆ ಐದು ಕಡೆ. ನಮ್ಮ ಹೊಲ ನೋಡಿಕೊಳ್ಳುವ ಜವರಯ್ಯ ಏಣಿ ಹಿಡಿದುಕೊಂಡು ಕೆಳಗಿನಿಂದ, “ಮೇಷ್ಟ್ರೇ, ಇಳ್ದು ಬಂದ್ಬುಡಿ. ಇನ್ನೊಂದ್ ಗಳ್ಗೆ ಅಲ್ಲೇ ಇದ್ರೆ ಎಂಚಿಲ್ದೆ ಬರೀ ಜಂತೆ ಕೆಳ್ಗೆ ಮಲಿಕೋಬೇಕಾಯ್ತದೆ” ಎಂದ. ಸೋರುವ ಐದು ಕಡೆಯೂ ಪಾತ್ರೆ ಇಟ್ಟಿದ್ದೇನೆ. ಮಳೆ ಬಂದಾಗ ಒಂದೊಂದು ಪಾತ್ರೆ ಒಂದೊಂದು ಸ್ವರ ಹೇಳುತ್ತದೆ. ಇನ್ನೆರಡು ಹೆಂಚು ಒಡೆದರೆ ಸಪ್ತಸ್ವರ ಪೂರ್ತಿಯಾಗುತ್ತದೆ.

ನೆಲ ಸಾರಿಸುವುದನ್ನೂ ಕಲಿತೆ. ಬಾಗಿಲಿಂದ ಶುರುಮಾಡಿ ಸಗಣಿ ಬಳಿಯುತ್ತ ಬಳಿಯುತ್ತ ಹೋಗಿ ದೇವರಗೂಡಿನ ಮೂಲೆ ಸೇರಿದ ಮೇಲೆ, ಹಿಂದಕ್ಕೆ ಬರಲು ದಾರಿಯಿಲ್ಲವೆಂದು ತಿಳಿಯಿತು. ನೆಲ ಒಣಗುವ ತನಕ ಅಲ್ಲೇ ನಿಂತಿದ್ದೆ. ಇಪ್ಪತ್ತು ವರ್ಷದಿಂದ ಹುಡುಗರನ್ನು ಮೂಲೆಯಲ್ಲಿ ನಿಲ್ಲಿಸುತ್ತಿರುವವನಿಗೆ ಅದರ ಸುಖ ಏನೆಂದು ಗೊತ್ತಾಯಿತು. ಇನ್ನು ಸಾರು. ಬೆಳಗ್ಗೆ ಮಾಡಿದ್ದಕ್ಕೆ ಮಧ್ಯಾಹ್ನ ನೀರು ಬೆರೆಸುತ್ತೇನೆ, ಸಂಜೆ ಆ ನೀರಿಗೆ ನೀರು. ಸಾರವಿಲ್ಲದಿದ್ದರೂ ಸಂಸಾರ ಸಾಗುತ್ತಿದೆ. ಮುದ್ದೆಯಲ್ಲಿ ಗಂಟು ಬರುತ್ತದೆ, ನಿಜ. ಬ್ರಹ್ಮಗಂಟನ್ನೇ ಹಾಕಿಸಿಕೊಂಡವನು ರಾಗಿಗಂಟಿಗೆ ಹೆದರುವುದುಂಟೆ?

ಬೆಕ್ಕು ಮೂರು ಮರಿ ಹಾಕಿದೆ. ಅಟ್ಟವೆಲ್ಲ ಖಾಲಿ ಇದ್ದರೂ ನಿನ್ನ ಹಳೇ ಸೀರೆಯ ಗಂಟನ್ನೇ ಹುಡುಕಿಕೊಂಡು ಹೋಗಿ ಅದರ ಮೇಲೆ ಹಾಕಿದೆ. ಎತ್ತಿ ಬೇರೆ ಕಡೆ ಇಟ್ಟರೆ ಒಂದೊಂದನ್ನೇ ಕಚ್ಚಿಕೊಂಡು ಮತ್ತೆ ಅಲ್ಲಿಗೇ ತರುತ್ತದೆ. ನಮ್ಮ ಹುಡುಗರಿಬ್ಬರೂ ಮೈಸೂರಿನ ಹಾಸ್ಟೆಲಿನಿಂದ ಹೋದ ಭಾನುವಾರ ಬಂದಿದ್ದರು. ನನ್ನ ಸಾರು ಉಂಡು, ಸೋಮವಾರ ಪರೀಕ್ಷೆ ಇದೆಯೆಂದು ಮಧ್ಯಾಹ್ನದ ಬಸ್ಸಿಗೇ ಹೊರಟರು. ಮಕ್ಕಳಿಗೆ ಓದಿನಲ್ಲಿ ಇಷ್ಟು ಆಸಕ್ತಿ ಬಂದಿರುವುದು ಸಂತೋಷವೇ.

ತೊಂದರೆಯಿರುವುದು ಒಬ್ಬನೇ ಒಬ್ಬನಿಗೆ, ಕರಿಯನಿಗೆ. ಅವನು ದಿನವೂ ಸಾಯಂಕಾಲ ಐದೂವರೆಗೆ ಸರಿಯಾಗಿ ದೊಡ್ಡ ರಸ್ತೆಯ ಗೇಟಿನ ಬಸ್ ಸ್ಟಾಪಿಗೆ ಹೋಗಿ ನಾಗಮಂಗಲದ ಬಸ್ಸಿಗೆ ಕಾಯುತ್ತಾನೆ. ಬಸ್ಸು ನಿಂತರೆ ಎದ್ದು ನಿಲ್ಲುತ್ತಾನೆ, ಇಳಿದವರ ಕಾಲುಗಳನ್ನೆಲ್ಲ ನೋಡುತ್ತಾನೆ, ಬಸ್ಸು ಹೊರಟರೆ ಕೂರುತ್ತಾನೆ. ರಸ್ತೆಯ ಮೇಲೆ ಲಾರಿಗಳ ಓಡಾಟ ಜಾಸ್ತಿ, ಮೂಕಪ್ರಾಣಿ, ಹೇಗೆ ಬಿಡುವುದು? ಅವನನ್ನು ಕರೆದುಕೊಂಡು ಬರಲು ನಾನೂ ಛತ್ರಿ ಹಿಡಿದು ಹೋಗಬೇಕಾಗಿದೆ. ನಾಯಿಗೆ ವಿವೇಕ ಹೇಳುವುದು ಹೇಗೆ? ನನ್ನಂತೆ ಗಟ್ಟಿ ಮನಸ್ಸು ಎಲ್ಲರಿಗೂ ಇರುವುದಿಲ್ಲ.

ನೀನು ಹೊರಡುವಾಗ ಹೇಳಿದ ಮಾತು ನೆನಪಿದೆ. “ಮನೇಲಿ ಕೂತ್ಕಳೋದು ಅಂದ್ರೆ ಏನು ಅಂತ ನೀವೂ ಒಂದ್ ತಿಂಗ್ಳು ಕೂತು ನೋಡಿ. ಬಾ ಅಂತ ಬರದ್ರೆ ಬತ್ತೀನಿ. ಇನ್ನೇನ್ ಬರದ್ರೂ ಬರಾಕಿಲ್ಲ.” ಆದ್ದರಿಂದ ಗಮನಿಸು, ಈ ಕಾಗದದಲ್ಲಿ ಆ ಮಾತನ್ನು ಎಲ್ಲಿಯೂ ಬರೆದಿಲ್ಲ. ಪಂದ್ಯ ಎಂದರೆ ಪಂದ್ಯ. ಇಷ್ಟಕ್ಕೂ ಆ ಭಾನುವಾರ ನಾನು ಹೇಳಿದ್ದು ತಮಾಷೆಗೆ. ಕೆ.ಆರ್.ಎಸ್.ನಿಂದ ನನ್ನ ಕಾಲೇಜಿನ ಗೆಳೆಯ ಪುಟ್ಟಸ್ವಾಮಿ ಊಟಕ್ಕೆ ಬಂದಿದ್ದ, ‘ಏನು ತಾಯಿ, ದಣಿದಂತೆ ಕಾಣುತ್ತೀರಿ’ ಎಂದು ನಿನ್ನನ್ನು ಕೇಳಿದ, ‘ಮನೆಯಲ್ಲಿ ಕೂತಿರುವವಳಿಗೆ ಎಂಥ ದಣಿವಯ್ಯ’ ಎಂದೆ, ಎಲ್ಲರೂ ನಕ್ಕೆವು. ಅಷ್ಟೇ ತಾನೇ.

ನಿಮ್ಮವ್ವನಿಗೆ ನನ್ನ ನಮಸ್ಕಾರ. ನಿಮ್ಮಣ್ಣ ಮಾಯಣ್ಣನವರಿಗೂ ತಿಳಿಸು. ಹಬ್ಬದ ಬಾಗಿನ ಚೆನ್ನಾಗಿ ಕೇಳಿ ತೆಗೆದುಕೋ, ನಾಚಬೇಡ. ದೇವರು ನಿನಗೆ ಆಯುರಾರೋಗ್ಯವನ್ನೂ, ನನ್ನಂಥವನನ್ನು ಸಹಿಸುವ ಶಕ್ತಿಯನ್ನೂ ಕೊಡಲಿ.

ಇಂತು ಮನೆಯಲ್ಲಿ ಕೂತಿರುವ,
ರಂಗಸ್ವಾಮಿ

ಮರೆತಿದ್ದ ಮಾತು: ಕಾಗದವನ್ನು ಮಾಯಣ್ಣನವರು ಎಲ್ಲರೆದುರು ಓದುತ್ತಿದ್ದರೆ ಇಲ್ಲಿಗೆ ನಿಲ್ಲಿಸಿ ನಿನ್ನ ಕೈಗೆ ಕೊಡಲಿ. ಮುಂದಿನದು ನೀನೊಬ್ಬಳೇ ಓದುವುದು.

ಎಲ್ಲರೂ ನಕ್ಕೆವು ಎಂದು ಬರೆದೆನಲ್ಲ, ಅದು ಸುಳ್ಳು. ಪುಟ್ಟಸ್ವಾಮಿ ನಗಲಿಲ್ಲ. ತಲೆ ತಗ್ಗಿಸಿ ಅನ್ನ ಕಲಸಿದ. ನೀನು ನನ್ನ ಎಲೆಗೆ ಮಜ್ಜಿಗೆ ಬಡಿಸಲು ಬಗ್ಗಿದ್ದವಳು ಒಂದು ತೊಟ್ಟೂ ಚೆಲ್ಲದೆ ಬಡಿಸಿ ಒಳಗೆ ಹೋದೆ. ನಕ್ಕವನು ನಾನೊಬ್ಬನೇ. ಆ ಮಜ್ಜಿಗೆಯೂ ಆ ಕುಡಿಕೆಯ ತಳದ ಚಮಚದಿಂದಲೇ ಆದದ್ದೆಂದು ತಿಳಿಯಲು ನನಗೆ ಒಂದು ವಾರವೂ, ಮಾದಮ್ಮನ ಬಾಯಿಯೂ ಬೇಕಾಯಿತು.

ಇನ್ನೊಂದು. ಕರಿಯ ಬಸ್ಸಿಗೆ ಕಾದದ್ದು ನಾಲ್ಕೇ ದಿನ. ಐದನೆಯ ದಿನದಿಂದ ಅವನು ಜಗಲಿ ಬಿಟ್ಟು ಎದ್ದಿಲ್ಲ. ನಾನು ಛತ್ರಿ ತೆಗೆದುಕೊಂಡು ಹೊರಟಾಗ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತಾನೆ. ನಿನ್ನೆ ಬಸ್ಸಿನ ಕಂಡಕ್ಟರು ಬಾಗಿಲಲ್ಲೇ ನಿಂತು, “ಇವತ್ತೂ ಇಲ್ಲ ಮೇಷ್ಟ್ರೇ” ಎಂದ. ಆಮೇಲೆ ನನ್ನ ಅಕ್ಕಪಕ್ಕ ನೋಡಿ, “ನಾಯಿ ಕರ್ಕೊಂಡೋಗಕ್ಕೆ ಬಂದೆ ಅಂತಿದ್ರಿ, ಎಲ್ಲಿ ನಾಯಿ?” ಎಂದು ಕೇಳಿದ. ಬಸ್ಸು ತುಂಬ ಜನ ಕಿಟಕಿಯಿಂದ ನೋಡುತ್ತಿದ್ದರು. ನನ್ನ ಹತ್ತಿರ ಯಾವ ತಮಾಷೆಯೂ ಇರಲಿಲ್ಲ.

ಬಾ.