ಇಲ್ಲದ ಗೋಡೆಯ ಸುತ್ತ

ಸೋಮವಾರ, ಮಧ್ಯಾಹ್ನ

ಮೇಷ್ಟ್ರ ಮತ್ತು ಚೂಟಿಯ ಯಜಮಾನರಿಗೆ,

ಹೀಗೆ ಶುರು ಮಾಡಿದ್ದಕ್ಕೆ ನಗಬೇಡಿ. ಮದುವೆಯಾದ ಹೊಸದರಲ್ಲಿ ಬರೆಯುತ್ತಿದ್ದ ಸಂಬೋಧನೆ ಈಗ ಕೈಗೆ ಬರಲಿಲ್ಲ. ಬರೀ ‘ಮಾನ್ಯರೇ’ ಎಂದರೆ ಬ್ಯಾಂಕಿಗೆ ಬರೆದಂತಾಯಿತು. ಎರಡು ನಾಯಿಗಳ ಮೇಲಾದರೂ ನಮ್ಮಿಬ್ಬರಿಗೂ ಇನ್ನೂ ಹಕ್ಕಿದೆಯಲ್ಲ, ಅದನ್ನೇ ಹಿಡಿದುಕೊಂಡೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ಹೂಂ, ಹೂಂ’ ಅನ್ನುತ್ತೀರಿ, ಆ ಹೂಂಗಳ ನಡುವೆ ನಾನು ಹೇಳಬೇಕಾದದ್ದನ್ನು ಬಿಟ್ಟು ಬೇರೇನೋ ಹೇಳಿಬಿಡುತ್ತೇನೆ.

ಬರುವ ಭಾನುವಾರ ಮೇಷ್ಟ್ರನ್ನು ಕರೆದುಕೊಂಡು ಹೋಗಲು ಬರುತ್ತೀರಿ. ಅದು ಮಾತಾಗಿದೆ. ಮನೆ ನನಗೆ, ಕಾರು ನಿಮಗೆ. ಚೂಟಿ ನನಗೆ, ಮೇಷ್ಟ್ರು ನಿಮಗೆ. ವಕೀಲರ ಮೇಜಿನ ಮುಂದೆ ಕೂತಾಗ ಎಷ್ಟು ನ್ಯಾಯವಾಗಿ ಕಂಡಿತ್ತು. ಮೇಷ್ಟ್ರು ಮರಿಯಾಗಿದ್ದಾಗಿನಿಂದ ನಿಮ್ಮ ಕಾಲ ಬುಡದಲ್ಲೇ ಬೆಳೆದವರು, ಚೂಟಿ ನಾನು ಈ ಮನೆಯ ಕೊಟ್ಟಿಗೆಯಲ್ಲಿ ಹುಲ್ಲಿನೊಳಗಿಂದ ಎತ್ತಿಕೊಂಡವಳು. ವಕೀಲರು ಕೂಡ ‘ಇಷ್ಟು ಸಲೀಸಾಗಿ ಹಂಚಿಕೊಂಡವರನ್ನ ನಾನು ನೋಡೇ ಇಲ್ಲ’ ಎಂದು ಮೆಚ್ಚಿಕೊಂಡರು. ಆ ಹಂಚಿಕೆಯ ವಿಷಯಕ್ಕೇ ಈ ಕಾಗದ. ಆದರೆ ಮೊದಲು ಗೋಡೆಯ ವಿಷಯ ಹೇಳಬೇಕು.

ಅಡುಗೆಮನೆಗೂ ಉಗ್ರಾಣಕ್ಕೂ ನಡುವೆ ಇತ್ತಲ್ಲ, ಅದೇ ಗೋಡೆ. ‘ಪಾಪ, ನಿಂತಿರ್ಲಿ ಬಿಡೇ, ಗೋಡೆ ನಿನಗೇನು ಮಾಡಿದೆ’ ಎಂದು ನೀವು ಎಷ್ಟೋ ಸಲ ಅದರ ಪರ ವಾದಿಸಿದ್ದಿರಿ. ಕೊನೆಗೂ ತೆಗೆಸಿದೆ. ಗಾರೆಯವನ ಭಾಷೆ ನನಗೆ ಅರ್ಧ ಬರುತ್ತದೆ, ಉಳಿದರ್ಧವನ್ನು ಅವನು ಕೈಯಲ್ಲಿ ಆಡಿ ತೋರಿಸುತ್ತಾನೆ. ಅವನು ನನ್ನನ್ನು ಏನೆಂದು ಕರೆಯುತ್ತಾನೋ, ನನ್ನ ಕಿವಿಗೆ ಅದು ‘ಅಮ್ಮಾ’ ಎಂದೇ ಕೇಳುತ್ತದೆ. ಗೋಡೆಯನ್ನು ಅಲ್ಲಲ್ಲಿ ತಟ್ಟಿ ನೋಡಿ, ‘ಅಮ್ಮಾ, ಇದು ಯಾವ ಭಾರನೂ ಹೊತ್ತಿಲ್ಲ. ಸುಮ್ನೆ ನಿಂತಿದೆ, ನನ್ನ ಭಾವಮೈದುನನ ಥರ’ ಎಂದ. ಒಂದು ಬೆಳಗಿನಲ್ಲಿ ಅದು ನೆಲಕ್ಕೆ ಬಂತು. ಉಗ್ರಾಣದ ಸಣ್ಣ ಕಿಟಕಿಯ ಬೆಳಕು ಮೊದಲ ಸಲ ಒಲೆಯವರೆಗೆ ನಡೆದು ಬಂದು ನಿಂತಿತು. ನೀವಿದ್ದಿದ್ದರೆ ಒಪ್ಪಿಕೊಳ್ಳುತ್ತಿರಲಿಲ್ಲ, ಆದರೆ ಚೆನ್ನಾಗಿತ್ತು. ಮನೆಯೆಲ್ಲ ಧೂಳು. ನನ್ನ ಕವಿತೆಯ ಪುಸ್ತಕಗಳೆಲ್ಲ ಕಬ್ಬಿಣದ ಟ್ರಂಕಿನೊಳಗಿವೆ, ಓದಬೇಕೆನಿಸಿದಾಗ ಮುಚ್ಚಳ ತೆಗೆದು ಒಂದು ಪುಟ ಓದಿ, ಅನ್ನದ ಪಾತ್ರೆ ಮುಚ್ಚಿದ ಹಾಗೆ ಮತ್ತೆ ಮುಚ್ಚುತ್ತೇನೆ.

ಅವಶೇಷವನ್ನೆಲ್ಲ ಹೊರಗೆ ಸಾಗಿಸಿ, ನೆಲ ಗುಡಿಸಿ, ನಾಯಿಗಳ ಊಟದ ತಟ್ಟೆಗಳನ್ನು ಎಂದಿನಂತೆ ಉಗ್ರಾಣದ ಮೂಲೆಯಲ್ಲಿಟ್ಟೆ. ಚೂಟಿ ಬಾಣ ಬಿಟ್ಟ ಹಾಗೆ ನೇರ ಓಡಿದಳು. ಮೇಷ್ಟ್ರು ನಿಧಾನಕ್ಕೆ ಬಂದರು. ಗೋಡೆ ಇದ್ದ ಜಾಗಕ್ಕೆ ಬಂದು ನಿಂತರು, ಬಲಕ್ಕೆ ತಿರುಗಿದರು, ಇಲ್ಲದ ಗೋಡೆಯ ಉದ್ದಕ್ಕೂ ನಡೆದರು. ಹಳೆಯ ಬಾಗಿಲಿದ್ದ ಕಡೆ ಹೊಸ್ತಿಲು ದಾಟುವಂತೆ ಕಾಲೆತ್ತಿ ಇಟ್ಟು ಒಳಗೆ ಹೋದರು. ಗಾರೆಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ‘ನೋಡಿ ಅಮ್ಮಾ, ಮರ್ಯಾದಸ್ಥರು ಅಂದ್ರೆ ಇವರು. ಬಾಗಿಲಿಂದ್ಲೇ ಬರ್ತಾರೆ.’ ನಾನೂ ನಕ್ಕೆ. ಮಾರನೆಯ ದಿನವೂ ಅವರು ಹಾಗೆಯೇ ಬಂದರು. ಆಗ ಗಾರೆಯವನೊಬ್ಬನೇ ನಕ್ಕ. ನಾನು ಮೇಷ್ಟ್ರ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣ ಹತ್ತಿರ ಕೈ ಆಡಿಸಿದೆ.

ನಾಯಿ ಡಾಕ್ಟರು ಅವರ ಕಣ್ಣಿಗೆ ಟಾರ್ಚು ಬಿಟ್ಟು, ಹತ್ತಿಯ ಉಂಡೆಯನ್ನು ಮೂಗಿನ ಮುಂದಿನಿಂದ ಬೀಳಿಸಿ ನೋಡಿದರು. ಹತ್ತಿ ಸದ್ದಿಲ್ಲದೆ ಬಿತ್ತು. ಮೇಷ್ಟ್ರು ತಲೆ ಕದಲಿಸಲಿಲ್ಲ.

‘ಕಣ್ಣು ಹೋಗಿ ತುಂಬ ದಿನ ಆಗಿದೆ. ನಿಮಗೆ ಗೊತ್ತಾಗ್ಲಿಲ್ವಾ?’ ಎಂದು ಕೇಳಿದರು.

‘ಇಲ್ಲ’ ಎಂದೆ.

‘ಮನೇಲಿ ಇನ್ನೊಂದು ನಾಯಿ ಇದೆಯಾ?’

‘ಇದೆ.’

‘ಹಾಗಾದ್ರೆ ಅದಕ್ಕೆ ಗೊತ್ತಾಗಿದೆ’ ಎಂದರು.

ಅವತ್ತಿನಿಂದ ನಾನು ಚೂಟಿಯನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ. ‘ಇದಕ್ಕೆ ಬಾಲ ಒಂದು ಕೊಟ್ಟ ದೇವರು ಬುದ್ಧಿ ಕೊಡೋದು ಮರೆತ’ ಎಂದು ನೀವು ಬೈಯುತ್ತಿದ್ದ ಅದೇ ಚೂಟಿ, ಅಂಗಳಕ್ಕಿಳಿಯುವ ಮೊದಲು ಮೆಟ್ಟಿಲ ಮೇಲೆ ನಿಲ್ಲುತ್ತಾಳೆ. ಹಿಂದಿನಿಂದ ಮೇಷ್ಟ್ರ ಮೂಗು ತನ್ನ ತೊಡೆಗೆ ತಾಗಿದ ಮೇಲೆಯೇ ಕೆಳಗಿಳಿಯುತ್ತಾಳೆ. ಹಾದಿಯಲ್ಲಿ ಅವಳು ಅವರ ಎಡಭುಜಕ್ಕೆ ಮೈ ಒತ್ತಿಕೊಂಡೇ ನಡೆಯುವುದು. ನಾವು ಅದನ್ನು ಮೇಷ್ಟ್ರ ದಬ್ಬಾಳಿಕೆ ಎಂದುಕೊಂಡಿದ್ದೆವು. ‘ಮೇಷ್ಟ್ರೇ, ಮಗೂನ ತಳ್ಳಬೇಡಿ’ ಎಂದು ನೀವು ಗದರುತ್ತಿದ್ದಿರಿ. ಅವರು ತಳ್ಳುತ್ತಿರಲಿಲ್ಲ, ಆತುಕೊಂಡಿದ್ದರು.

ಹೋದ ವಾರ ಚೂಟಿಯ ಪಾದದೊಳಗೆ ಗಾಜಿನ ಚೂರು ಹೋಗಿ, ಡಾಕ್ಟರು ಅವಳನ್ನು ಸಂಜೆಯವರೆಗೆ ಇಟ್ಟುಕೊಂಡರು. ನಾನು ಮನೆಗೆ ಬಂದಾಗ ಮೇಷ್ಟ್ರು ಅಂಗಳದ ನಡುವೆ ನಿಂತಿದ್ದರು. ಕರೆದೆ, ಬಾಲ ಅಲ್ಲಾಡಿಸಿದರು, ಬರಲಿಲ್ಲ. ಬಿಸ್ಕತ್ತು ತೋರಿಸಿದೆ, ತೋರಿಸಿದೆ ಎಂಬ ಮಾತಿಗೆ ಅರ್ಥವಿಲ್ಲವೆಂದು ಆಮೇಲೆ ಹೊಳೆಯಿತು. ಬಿಸಿಲು ಸರಿದು ನೆರಳು ಬಂತು, ಅವರು ನಿಂತಲ್ಲೇ ನಿಂತಿದ್ದರು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡರು. ಮನೆಯೊಳಗೆ ಒಂದು ಹನಿಯೂ ಬೀಳಿಸದ ಅವರು ಆಮೇಲೆ ತಲೆ ತಗ್ಗಿಸಿದ ರೀತಿಯನ್ನು ನಾನು ಬರೆಯಲಾರೆ. ನಾನು ಪಕ್ಕದಲ್ಲಿ ಕೂತು ಅವರ ಕಿವಿ ಸವರುತ್ತಿದ್ದೆ. ಚೂಟಿ ಪಟ್ಟಿ ಕಟ್ಟಿದ ಕಾಲಲ್ಲಿ ಕುಂಟುತ್ತ ಬಂದು ಮೈ ತಾಗಿಸಿದ ಮೇಲೆಯೇ ಮೇಷ್ಟ್ರು ಒಂದು ಹೆಜ್ಜೆ ಇಟ್ಟರು.

ಆ ಸಂಜೆಯೇ ನಿಮಗೆ ಒಂದು ಕಾಗದ ಬರೆದೆ. ಅದರಲ್ಲಿ ಇಬ್ಬರನ್ನೂ ಇಲ್ಲೇ ಬಿಟ್ಟುಬಿಡಿ ಎಂದು ಕೇಳಿದ್ದೆ. ಚೆನ್ನಾಗಿಯೇ ಬರೆದಿದ್ದೆ, ಓದಿದ್ದರೆ ನೀವು ಒಪ್ಪುತ್ತಿದ್ದಿರಿ. ನಾನು ಕೇಳಿದ್ದಕ್ಕೆಲ್ಲ ಕೊನೆಗೆ ಒಪ್ಪುವುದು ನಿಮ್ಮ ಅಭ್ಯಾಸ. ಬೆಳಿಗ್ಗೆ ಅಂಚೆಗೆ ಹಾಕುವುದೆಂದು ಕಿಟಕಿಯ ಮೇಲಿಟ್ಟಿದ್ದೆ.

ಬೆಳಿಗ್ಗೆ ಮೇಷ್ಟ್ರು ಗುಂಡಿಗೆ ಬಿದ್ದರು. ಹಿತ್ತಲಿನ ನೀರು ಗೋಡೆಯ ಬುಡಕ್ಕೆ ಇಳಿಯದಂತೆ ಪೈಪು ಹೂಳಲು ಗಾರೆಯವನು ಉದ್ದಕ್ಕೆ ತೋಡಿದ್ದ ಗುಂಡಿ. ಚೂಟಿ ಕಾಲು ನೋವಿಗೆ ಒಳಗೆ ಮಲಗಿದ್ದಳು. ಇವರು ತಮಗೆ ಗೊತ್ತಿರುವ ಹಾದಿ ಎಂಬ ಧೈರ್ಯದಲ್ಲಿ ಹೊರಟಿದ್ದಾರೆ. ಹಿಂದಿನ ದಿನದವರೆಗೆ ಅಲ್ಲಿ ನೆಲವಿತ್ತು. ಶಬ್ದ ಕೇಳಿ ನಾನು ಓಡಿದೆ. ಕೂಗಿರಲಿಲ್ಲ, ನರಳಿರಲಿಲ್ಲ. ಕೆಸರಿನಲ್ಲಿ ಎದ್ದು ನಿಂತು ಗುಂಡಿಯ ಗೋಡೆಗೆ ಮೂಗಿಟ್ಟು ಬಾಗಿಲು ಹುಡುಕುತ್ತಿದ್ದರು. ಗಾರೆಯವನು ಒಳಗಿಳಿದು ಅವರನ್ನು ಮಗುವಿನ ಹಾಗೆ ಎತ್ತಿ ಕೊಟ್ಟ. ಮುಂಗಾಲು ತರಚಿದೆ, ಮೂಳೆಗೇನೂ ಆಗಿಲ್ಲ, ಗಾಬರಿಯಾಗಬೇಡಿ.

ಗಾರೆಯವನು ಅವತ್ತು ಕೆಲಸ ಶುರು ಮಾಡದೆ ಬಹಳ ಹೊತ್ತು ಸಲಿಕೆ ಊರಿಕೊಂಡು ನಿಂತಿದ್ದ. ‘ಚಾವಣಿ ಅರ್ಧ ಬಿಚ್ಚಿದೀವಿ. ಈಗ ನಿಲ್ಸಿದ್ರೆ ಚಳಿಗಾಲಕ್ಕೆ ನಿಮಗೆ ಮನೆ ಇರಲ್ಲ. ಮುಂದಿನ ವಾರ ನೆಲ ಅಗೀಬೇಕು, ಆಮೇಲೆ ಮೆಟ್ಟಿಲು. ಏನ್ ಮಾಡೋಣ, ನೀವೇ ಹೇಳಿ’ ಎಂದ. ನಾನು ಒಳಗೆ ಹೋಗಿ, ಹೊಸ ಗಾರೆಗೆ ಹೊದಿಸಿದ್ದ ಗೋಣಿಚೀಲಗಳಿಗೆ ನೀರು ಚಿಮುಕಿಸಿದೆ. ಅವಸರದಲ್ಲಿ ಒಣಗಿದರೆ ಬಿರುಕು ಬಿಡುತ್ತದೆಯಂತೆ, ದಿನವೂ ತಣಿಸಬೇಕು. ಕೆಲಸವಿರುವುದು ಎಷ್ಟು ಒಳ್ಳೆಯದು. ಗೋಡೆಯ ಕಡೆ ಮುಖ ಮಾಡಿ ನಿಂತರೆ ಯಾರೂ ಏನೂ ಕೇಳುವುದಿಲ್ಲ.

ಅಕ್ಕನಿಗೆ ಫೋನು ಮಾಡಿದೆ. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡು, ‘ನಾಯಿಗೋಸ್ಕರ ಅಳ್ತಿದೀಯೋ ಗಂಡನಿಗೋಸ್ಕರ ಅಳ್ತಿದೀಯೋ, ಮೊದಲು ತೀರ್ಮಾನ ಮಾಡ್ಕೊಳೇ ತಾಯಿ. ಎರಡಕ್ಕೂ ಬೇರೆ ಬೇರೆ ಸಮಾಧಾನ ಹೇಳ್ಬೇಕು ನಾನು’ ಎಂದಳು. ನೆಗಡಿ ಎಂದೆ. ‘ಹೌದು, ನಿಮ್ಮ ವಂಶಕ್ಕೇ ನೆಗಡಿ’ ಎಂದಳು, ತಾನೂ ಅದೇ ವಂಶ ಎಂಬುದನ್ನು ಮರೆತು.

ನಿಮ್ಮ ಈಗಿನ ಮನೆಯನ್ನು ನಾನು ಒಮ್ಮೆ ನೋಡಿದ್ದೇನೆ, ನಿಮ್ಮ ಚಳಿಗಾಲದ ಕೋಟು ಕೊಡಲು ಬಂದಾಗ. ನೆಲಮಹಡಿ. ಒಂದು ನೇರ ನಡುಹಾದಿ, ಅದರ ಕೊನೆಗೆ ಒಂದು ಕೋಣೆ. ಒಂದು ಮೇಜು, ಒಂದು ಕುರ್ಚಿ, ಕುರ್ಚಿಯ ಕಾಲು ಊರಿದ ಗುರುತು ನೆಲಹಾಸಿನ ಮೇಲೆ. ಕನ್ನಡಕಕ್ಕೆ ಒಂದು ಜಾಗ, ಬೀಗದ ಕೈಗೆ ಒಂದು ಮೊಳೆ. ಕೆಲವು ತಿಂಗಳ ನಂತರ ಬಂದರೂ ಎಲ್ಲವೂ ಅಲ್ಲಲ್ಲೇ ಇರುತ್ತದೆ ಎಂದು ನೋಡಿದ ಕೂಡಲೇ ತಿಳಿಯಿತು. ಅವತ್ತು ನನಗೆ ಉಸಿರು ಕಟ್ಟಿದ ಹಾಗಾಗಿ, ಚಹಾ ಕುಡಿಯದೆ ಎದ್ದುಬಂದೆ. ಈಗ ಆ ಮನೆಯನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ನಡೆದು ನೋಡುತ್ತೇನೆ, ಕಣ್ಣು ಮುಚ್ಚಿಕೊಂಡು. ಎಲ್ಲೂ ಎಡವುವುದಿಲ್ಲ.

ಇನ್ನೊಂದು ನೆನಪಾಗುತ್ತದೆ. ಇಲ್ಲಿ ನಾನು ಹಜಾರದ ದೀಪದ ಸ್ವಿಚ್ಚನ್ನು ಬಾಗಿಲ ಆಚೆ ಬದಿಗೆ ಹಾಕಿಸಿದ್ದೆನಲ್ಲ. ನಿಮಗೆ ಹೇಳುವುದು ಮರೆತಿತ್ತು. ಸಂಜೆ ನೀವು ಒಳಗೆ ಬಂದು, ಸ್ವಿಚ್ಚು ಇದ್ದ ಜಾಗದಲ್ಲಿ ಗೋಡೆಯನ್ನು ತಡವುತ್ತ, ತಡವುತ್ತ ನಿಂತಿದ್ದಿರಿ. ನಾನು ಅಡುಗೆಮನೆಯಿಂದ ನೋಡಿ ನಕ್ಕೆ. ನೀವು ಕೈ ಕೆಳಗಿಳಿಸಿ, ‘ಈ ಮನೇಲಿ ನಾಳೆ ಬೆಳಗ್ಗೆ ಯಾವ ಬಾಗಿಲಿಂದ ಆಚೆ ಹೋಗ್ಬೇಕು ಅನ್ನೋದೂ ಗೊತ್ತಾಗಲ್ಲ ಕಣೇ’ ಅಂದಿರಿ. ತಮಾಷೆ ಎಂದುಕೊಂಡೆ. ನಿಮ್ಮ ದನಿಯಲ್ಲಿ ತಮಾಷೆ ಇತ್ತು ಕೂಡ.

ಇರಲಿ. ಕಿಟಕಿಯ ಮೇಲಿಟ್ಟಿದ್ದ ಕಾಗದವನ್ನು ಒಲೆಗೆ ಹಾಕಿ ಇದನ್ನು ಬರೆಯುತ್ತಿದ್ದೇನೆ. ಭಾನುವಾರ ಬರುವಾಗ ಕಾರಿನ ಹಿಂದಿನ ಸೀಟಿಗೆ ದೊಡ್ಡ ಬೆಡ್‌ಶೀಟು ಹಾಸಿಕೊಂಡು ಬನ್ನಿ. ಇಬ್ಬರನ್ನೂ ಕರೆದುಕೊಂಡು ಹೋಗಿ.

ಇದಕ್ಕೆ ನೀವು ಮಾತು ಬೆಳೆಸುತ್ತೀರಿ, ಚೂಟಿ ನಿನ್ನವಳು ಎನ್ನುತ್ತೀರಿ. ಬೆಳೆಸಬೇಡಿ. ಚೂಟಿ ಯಾರವಳು ಎಂದು ಅವಳೇ ತೀರ್ಮಾನಿಸಿ ಬಹಳ ದಿನವಾಗಿದೆ, ನಮ್ಮನ್ನು ಕೇಳಿರಲಿಲ್ಲ ಅಷ್ಟೆ. ಅವಳನ್ನು ಇಟ್ಟುಕೊಂಡು ಮೇಷ್ಟ್ರನ್ನು ಕಳಿಸಿದರೆ ಇಲ್ಲಿ ಅವಳು ಪ್ರತಿ ಮೆಟ್ಟಿಲಿನ ಮೇಲೆ ಹಿಂದಿನ ಮೂಗಿಗಾಗಿ ಕಾಯುತ್ತ ನಿಲ್ಲುವುದನ್ನು ನಾನು ನೋಡಬೇಕಾಗುತ್ತದೆ.

ಮೊದಲ ದಿನ ಇಬ್ಬರನ್ನೂ ನಿಮ್ಮ ಮನೆಯೊಳಗೆ ಗೋಡೆಯ ಪಕ್ಕದಲ್ಲೇ ನಿಧಾನಕ್ಕೆ ಸುತ್ತಿಸಿ. ನೀರಿನ ಬಟ್ಟಲು ಒಮ್ಮೆ ಇಟ್ಟಲ್ಲಿಂದ ಕದಲಿಸಬೇಡಿ (ಇದನ್ನು ನಿಮಗೆ ಹೇಳುತ್ತಿದ್ದೇನಲ್ಲ, ನಾನು). ಚೂಟಿ ಮೊದಮೊದಲು ಊಟ ಬಿಡಬಹುದು, ಕೈಯಿಂದ ತಿನ್ನಿಸಿದರೆ ತಿನ್ನುತ್ತಾಳೆ. ಸಿಡಿಲಿಗೆ ಹೆದರುತ್ತಾಳೆ, ಮಂಚದ ಕೆಳಗೆ ಜಾಗ ಬಿಡಿ. ಮೇಷ್ಟ್ರ ಹಲ್ಲು ಸವೆದಿದೆ, ಗಟ್ಟಿ ಬಿಸ್ಕತ್ತು ನೆನೆಸಿ ಕೊಡಿ. ಅವರಿಗೆ ಕಣ್ಣಿಲ್ಲ ಎಂದು ಬಂದವರಿಗೆಲ್ಲ ಹೇಳಬೇಡಿ. ಇಷ್ಟು ದಿನ ಅವರು ಕಾಪಾಡಿಕೊಂಡು ಬಂದ ಮಾನ ಅದು.

ನನ್ನ ಬಗ್ಗೆ ಯೋಚನೆ ಬೇಡ. ಮೈತುಂಬ ಕೆಲಸವಿದೆ. ಗಾರೆಯವನ ಹೆಂಡತಿ ಒಂದು ಬೆಕ್ಕಿನ ಮರಿ ಕೊಡುತ್ತೇನೆ ಎನ್ನುತ್ತಿದ್ದಾಳೆ, ಬೇಡ ಎಂದಿದ್ದೇನೆ. ನೀವು ಬರುವ ಹೊತ್ತಿಗೆ ಹಜಾರದ ನೆಲ ಅಗೆದಿರುತ್ತದೆ, ಹಲಗೆ ಹಾಕಿಸಿರುತ್ತೇನೆ, ನೋಡಿಕೊಂಡು ನಡೆಯಿರಿ. ಚಹಾ ಮಾಡುತ್ತೇನೆ. ಕುಡಿದು ಹೋಗಿ.

ಗಾರೆ ಮೆತ್ತಿದ ಕೈಯಿಂದಲೇ ಬರೆದಿದ್ದೇನೆ, ಅಕ್ಷರ ಸರಿಯಿಲ್ಲದಿದ್ದರೆ ಅದೇ ಕಾರಣ,

ನಾನು

ತಾ.ಕ.: ಬರೆಯಬಾರದು ಎಂದುಕೊಂಡಿದ್ದೆ. ನಿನ್ನೆ ಕಿಟಕಿಯ ಮೇಲ್ಭಾಗ ಉಜ್ಜುವಾಗ ಏಣಿಯಿಂದ ಕಾಲು ಜಾರಿತು. ಪೆಟ್ಟಾಗಲಿಲ್ಲ, ಕಿಟಕಿಯ ಚೌಕಟ್ಟು ಹಿಡಿದುಕೊಂಡೆ. ಆದರೆ ಬಾಯಿಂದ ‘ರೀ’ ಎಂದು ಬಂದುಬಿಟ್ಟಿತು. ಮಲಗಿದ್ದ ಇಬ್ಬರೂ ಎದ್ದು ಕುಂಟುತ್ತಲೇ ಬಾಗಿಲಿಗೆ ಹೋದರು. ಇಷ್ಟು ವರ್ಷ ನಾನು ಕೂಗಿದ್ದನ್ನು ಕೇಳಿ, ಅದೇ ನಿಮ್ಮ ಹೆಸರು ಎಂದುಕೊಂಡಿದ್ದಾರೆ. ಬಾಗಿಲ ಬಳಿ ಬಹಳ ಹೊತ್ತು ಕೂತಿದ್ದರು, ನಾನೂ ಕೆಳಗಿಳಿದು ಅವರ ಜೊತೆ ಕೂತೆ. ಅದಕ್ಕೇ ಒಂದು ಮಾತು. ನೀವು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಯಾವಾಗಲೂ ‘ಇವಳೇ’. ಅಲ್ಲಿ ಒಬ್ಬರೇ ಇರುವಾಗ ಅಭ್ಯಾಸಬಲದಿಂದ ಹಾಗೆ ಕೂಗಿಬಿಡಬೇಡಿ. ಮೇಷ್ಟ್ರಿಗೆ ಎದ್ದು ಬಾಗಿಲವರೆಗೆ ಹೋಗುವುದು ಈಗ ಕಷ್ಟ.