ಸನ್ಮಾನಕ್ಕೆ ನಾನು ಬರುವುದಿಲ್ಲ

ಪೀಣ್ಯ, ಗುರುವಾರ

ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ಶಶಿಕುಮಾರ್ ಅವರಿಗೆ,

ಭಾನುವಾರ ನಮ್ಮ ರಸ್ತೆಯ ಹೊಸ ಸ್ವಾಗತ ಕಮಾನಿನ ಉದ್ಘಾಟನೆಯಲ್ಲಿ, ಪ್ರಾಮಾಣಿಕವಾಗಿ ತೆರಿಗೆ ಕಟ್ಟಿದವಳೆಂದು ನನಗೆ ಶಾಲು ಹೊದಿಸುತ್ತೀರಂತೆ. ನಾನು ಬರುವುದಿಲ್ಲ.

ಆಸ್ತಿ ತೆರಿಗೆ ಏರಿತು, ಕಟ್ಟಿದೆ. ಕರೆಂಟಿನ ಮೇಲಿನ ತೆರಿಗೆ ಏರಿತು, ಅದನ್ನೂ ಕಟ್ಟಿದೆ. ಚರಂಡಿ ಮಾಡಿಸಿಕೊಡಿ ಎಂದು ನಿಮ್ಮ ಬಳಿ ಬಂದಾಗ, “ಫಂಡ್ ಇಲ್ಲ ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಅಂದಿರಿ. ಅದಾದ ಮೇಲೆ ಕಮಾನು ಎದ್ದಿತು.

ಕಳೆದ ತಿಂಗಳ ಮಳೆಗೆ ಕೊಳಚೆ ನೀರು ನನ್ನ ಲೇತ್ ಶೆಡ್ಡಿಗೆ ನುಗ್ಗಿತು. ಮೋಟಾರು ಉಳಿಸಲು ನೀರಿಗಿಳಿದ ನನ್ನ ಕೆಲಸಗಾರ ಸಿದ್ರಾಮನಿಗೆ ಕರೆಂಟು ಹೊಡೆಯಿತು. ಅಲ್ಲೇ ಕೆಲಸ ಮಾಡುವ ಅವನ ಹೆಂಡತಿ ಮಹಾದೇವಿ ಓಡಿಹೋಗಿ ಮೇನ್ ಸ್ವಿಚ್ ಆರಿಸಿದ್ದರಿಂದ ಜೀವ ಉಳಿಯಿತು. ಅವನ ಬಲಗೈ ಇನ್ನೂ ಮೇಲೇಳುವುದಿಲ್ಲ. ಆಸ್ಪತ್ರೆಯಲ್ಲಿ ಅವಳು, “ಮೇಡಂ, ಆ ಕಮಾನಿಗೆ ರೊಕ್ಕ ಎಲ್ಲಿಂದ ಬಂತ್ರೀ?” ಎಂದು ಕೇಳಿದಳು. ಅದು ನಾನು ಕಟ್ಟಿದ ತೆರಿಗೆಯ ಹಣವೇ.

ರಿಪೇರಿಗೆಂದು ಇಟ್ಟ ಹಣವೆಲ್ಲ ತೆರಿಗೆಗೇ ಹೋಗಿತ್ತು. ಹಾಗಾಗಿ ಶೆಡ್ ಮುಚ್ಚುತ್ತಿದ್ದೇನೆ. ಯಂತ್ರಗಳನ್ನು ಹೊಸೂರಿನ ಕಾರ್ಖಾನೆಯವರು ಕೊಂಡಿದ್ದಾರೆ. ಸಿದ್ರಾಮನಿಗೆ ಕೂತು ಮಾಡುವ ಕೆಲಸ ಕೊಡಲು ಅವರನ್ನು ಹಠ ಹಿಡಿದು ಒಪ್ಪಿಸಿದೆ. ಉಳಿದ ಕೆಲಸಗಾರರು ದಾಸರಹಳ್ಳಿಯ ಬಾಡಿಗೆ ಕೋಣೆಗಳನ್ನು ಖಾಲಿ ಮಾಡುತ್ತಿದ್ದಾರೆ. ಅವರಿಗೆ ಏನು ಹೇಳಬೇಕೋ ನನಗೆ ತಿಳಿದಿಲ್ಲ. ನಿಮಗೆ ತಿಳಿದಿದ್ದರೆ ನೀವೇ ಬಂದು ಹೇಳಿ.

ಒಂದು ಕೋರಿಕೆಯಿದೆ. ಭಾನುವಾರ ಬೆಳಿಗ್ಗೆ ಯಂತ್ರ ಹೇರಿದ ಲಾರಿಗಳು ಅದೇ ರಸ್ತೆಯಲ್ಲಿ ಹೊರಡಬೇಕು. ಅತಿಥಿಗಳ ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ, ದಾರಿ ಬಿಡಿಸಿ.

ಇತಿ,
ಚಂದ್ರಕಲಾ